ಪ್ರಾರ್ಥನೆ ಬಾಯಿಗೆ ಬಂತು, ಮಾತು ಏಕೆ ಬರುತ್ತಿಲ್ಲ?

ಪ್ರಶ್ನೆ: ನಾನು ಬೆಳ್ತಂಗಡಿ ಕಡೆಯವಳು, ವಯಸ್ಸು 27. ಧರ್ಮಭಗಿನಿಯರ ಒಂದು ಸಭೆಯಲ್ಲಿ ಮಿಷನ್ ಸೇವೆಗೆ ತರಬೇತಿ ಪಡೆಯುತ್ತಿದ್ದೇನೆ. ಮನೆಯಲ್ಲಿ ಕೊಂಕಣಿ, ಊರಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಜನವರಿಯಲ್ಲಿ ನನ್ನನ್ನು ತಾಂಜಾನಿಯಾದ ಮ್ವಾಂಜಾ ಕಡೆಗೆ ಕಳುಹಿಸುತ್ತಾರೆ. ದೇವಶಾಸ್ತ್ರದ ಪಾಠ, ಅಡುಗೆಮನೆಯ ಸರದಿ ಎಲ್ಲ ಮುಗಿಸಿ ಆರು ತಿಂಗಳಿಂದ ದಿನಕ್ಕೆ ಒಂದು ಗಂಟೆ ಸ್ವಾಹಿಲಿ ಕಲಿಯುತ್ತಿದ್ದೇನೆ. ಪರಲೋಕ ಪ್ರಾರ್ಥನೆ, ನಮೋ ಮರಿಯಾ, ಪೂರ್ತಿ ಜಪಸರ ಬಾಯಿಪಾಠವಾಗಿವೆ. ಆದರೆ ವಿಡಿಯೊದಲ್ಲಿ ಇಬ್ಬರು ಮಾತನಾಡುವುದನ್ನು ಕೇಳಿದರೆ ಒಂದು ಪದವೂ ಹಿಡಿಯುವುದಿಲ್ಲ. ನನಗೆ ಭಾಷೆ ಕಲಿಯುವ ಶಕ್ತಿಯೇ ಇಲ್ಲವೇ? ಈಸ್ಟರ್ ಹೊತ್ತಿಗೆ ಅಲ್ಲಿಯ ಜನರ ಮುಂದೆ ನಿಂತು ಮಾತನಾಡಬಲ್ಲೆನೇ?

ಉತ್ತರ: ಸಿಸ್ಟರ್, "ಊರಿನಲ್ಲಿ ತುಳು" ಎಂದು ಎರಡೇ ಪದದಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಆ ತುಳುವನ್ನು ಯಾವ ಪುಸ್ತಕದಿಂದ ಕಲಿತಿರಿ? ದಿನಕ್ಕೆ ಎಷ್ಟು ಗಂಟೆ ಓದಿದಿರಿ? ಪಕ್ಕದ ಮನೆಯ ಮಕ್ಕಳ ಜೊತೆ ಆಡುತ್ತ, ಬೈಸಿಕೊಳ್ಳುತ್ತ, ಅಂಗಡಿಗೆ ಸಕ್ಕರೆ ತರಲು ಹೋಗುತ್ತ ಕಲಿತಿರಿ. ಮೂರು ಭಾಷೆ ಸಲೀಸಾಗಿ ಆಡುವವರು, ಪತ್ರವನ್ನು ಇಷ್ಟು ಚೊಕ್ಕವಾಗಿ ಬರೆಯುವವರು, ತಮಗೆ ಭಾಷೆ ಕಲಿಯುವ ಶಕ್ತಿ ಇಲ್ಲ ಎಂದರೆ ನಾನು ಒಪ್ಪುವುದಿಲ್ಲ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಮನಸ್ಸು ಹಗುರವಾಗುತ್ತದೆ. ಅಮೆರಿಕ ತನ್ನ ರಾಜತಾಂತ್ರಿಕ ಅಧಿಕಾರಿಗಳಿಗೆ ಭಾಷೆ ಕಲಿಸುವ ಸಂಸ್ಥೆಯಲ್ಲಿ ಸ್ವಾಹಿಲಿಗೆ ಇಟ್ಟಿರುವ ಅವಧಿ ಸುಮಾರು 36 ವಾರ. ಅದು ಬೇರೆ ಕೆಲಸವಿಲ್ಲದೆ, ಇಡೀ ದಿನ, ಎದುರಿಗೆ ಶಿಕ್ಷಕರನ್ನು ಕೂರಿಸಿಕೊಂಡು ಕಲಿಯುವ ಅವಧಿ. ನೀವು ಆರು ತಿಂಗಳಲ್ಲಿ ಕಲಿತದ್ದು ಹೆಚ್ಚೆಂದರೆ 180 ಗಂಟೆ, ಅದೂ ಪಾತ್ರೆ ತೊಳೆದು ಬಂದ ಮೇಲೆ, ಒಬ್ಬರೇ ಕುಳಿತು. ಇಷ್ಟಕ್ಕೆ ಕಿವಿ ತೆರೆದಿಲ್ಲ ಎಂದರೆ ಅದು ನಿಮ್ಮ ದಡ್ಡತನವಲ್ಲ.

ಆದರೆ ಆ 180 ಗಂಟೆಯಲ್ಲಿ ಏನು ಕಲಿತಿರಿ ಎಂಬುದರ ಬಗ್ಗೆ ನನ್ನ ತಕರಾರು ಇದೆ. ಮಂಗಳೂರಿನಲ್ಲಿ ಬಹಳ ವರ್ಷ ನಾನು ಕೇರಳದಿಂದಲೂ ಜಾರ್ಖಂಡಿನಿಂದಲೂ ಬಂದ ಸಿಸ್ಟರುಗಳಿಗೆ, ಬ್ರದರುಗಳಿಗೆ ಕನ್ನಡ ಕಲಿಸಿದ್ದೇನೆ. ಅದಕ್ಕೂ ಮೊದಲು ಗಂಡನ ಕೆಲಸದ ಕಾರಣ ಆರು ವರ್ಷ ಮ್ವಾಂಜಾದಲ್ಲೇ ಇದ್ದೆ. ಎರಡೂ ಕಡೆ ಒಂದೇ ವಿಷಯ ಕಂಡಿದ್ದೇನೆ. ಮಿಷನ್ ಸೇವೆಗೆ ಹೊರಟವರಿಗೆ ಪ್ರಾರ್ಥನೆಯ ಭಾಷೆ ಎಲ್ಲಕ್ಕಿಂತ ಬೇಗ ಬರುತ್ತದೆ. ಅರ್ಥ ಮೊದಲೇ ಗೊತ್ತು, ಧಾಟಿ ಗೊತ್ತು, ಮುಂದಿನ ಸಾಲು ಯಾವುದೆಂದು ಗೊತ್ತು. ಎದುರಿನವರು ನಡುವೆ ಬಾಯಿ ಹಾಕುವುದಿಲ್ಲ. "ಬಾಬಾ ಯೆತು ಉಲಿಯೆ ಮ್‌ಬಿಂಗುನಿ" (ಪರಲೋಕದಲ್ಲಿರುವ ನಮ್ಮ ತಂದೆಯೇ) ಎಂದು ಶುರು ಮಾಡಿದರೆ "ಆಮೆನ್" ತನಕ ಗಾಡಿ ಹಳಿಯ ಮೇಲೆ ಓಡುತ್ತದೆ. ಕಲಿತೆ ಎಂಬ ಸಮಾಧಾನವೂ ಸಿಗುತ್ತದೆ. ಪೇಟೆಯಲ್ಲಿ ಟೊಮೆಟೊ ಮಾರುವವಳು ನಿಮ್ಮ ಮುಂದಿನ ಸಾಲನ್ನು ಕಾಯುವುದಿಲ್ಲ. ಅವಳು ತನ್ನದೇ ಸಾಲು ಹೇಳುತ್ತಾಳೆ. ಬಾಯಿಪಾಠ ಅಲ್ಲಿ ಕೈಕೊಡುತ್ತದೆ.

ನನ್ನಲ್ಲಿ ಕನ್ನಡ ಕಲಿಯುತ್ತಿದ್ದ ಒಬ್ಬ ಬ್ರದರ್ ಮೂರೇ ತಿಂಗಳಲ್ಲಿ ಬಲಿಪೂಜೆಯ, ಅಂದರೆ ಚರ್ಚಿನ ಮಾಸ್‌ನ, ಪ್ರಾರ್ಥನೆಗಳನ್ನೆಲ್ಲ ಅಚ್ಚುಕಟ್ಟಾಗಿ ಹೇಳುತ್ತಿದ್ದರು. ಒಂದು ದಿನ ಬಸ್ಸಿನಲ್ಲಿ ಕಂಡಕ್ಟರ್ "ಚಿಲ್ಲರೆ ಇದೆಯಾ?" ಎಂದರೆ ಕೈಮುಗಿದು "ಇದೆ ಸ್ವಾಮಿ, ಎಲ್ಲರಿಗೂ ಇರಲಿ" ಎಂದರಂತೆ. ಚಿಲ್ಲರೆ ಎಂದರೆ ಏನೋ ಆಶೀರ್ವಾದ ಇರಬೇಕೆಂದುಕೊಂಡಿದ್ದರು.

ನನ್ನ ಕಥೆ ಇದಕ್ಕಿಂತ ಕಡೆ. ಮ್ವಾಂಜಾಕ್ಕೆ ಹೋದ ಎರಡನೆಯ ವಾರ. ಪಕ್ಕದ ಮನೆಯ ಅಜ್ಜಿಯ ಅಂಗಳದಲ್ಲಿ ಕುಳಿತಿದ್ದೆ, ಬಿಸಿಲಿಗೆ ಬಾಯಿ ಒಣಗಿತ್ತು. ಕುಡಿಯುವ ನೀರಿಗೆ "ಮಾಜಿ ಯಾ ಕುಞ್ವಾ" ಎನ್ನಬೇಕು. ನಾನು ಆ ವಕಾರವನ್ನು ನುಂಗಿ "ಮಾಜಿ ಯಾ ಕುಞಾ" ಎಂದೆ. ಮಕ್ಕಳೆಲ್ಲ ಒಮ್ಮೆಗೇ ಬಿದ್ದು ಬಿದ್ದು ನಕ್ಕರು. ಒಬ್ಬ ಹುಡುಗ ಓಡಿಹೋಗಿ ಪ್ಲಾಸ್ಟಿಕ್ ಚೆಂಬು ತಂದು ಹಿತ್ತಿಲ ಕಡೆ ಕೈ ತೋರಿಸಿದ. ನಾನು ಕೇಳಿದ್ದು ಬಹಿರ್ದೆಸೆಯ ನೀರು! ಅಜ್ಜಿ ತೊಡೆ ತಟ್ಟಿಕೊಂಡು ನಕ್ಕು, ಆಮೇಲೆ ನನ್ನ ಗಲ್ಲ ಹಿಡಿದು, ತುಟಿಯನ್ನು ಮುಂದೆ ಚಾಚಿ ತೋರಿಸಿ, ಹತ್ತು ಸಲ "ಕುಞ್ವಾ, ಕುಞ್ವಾ" ಎನ್ನಿಸಿದಳು. ಆಮೇಲೆಯೇ ನೀರು ಸಿಕ್ಕಿತು. ಆ ಪದವನ್ನು ನಾನು ಮತ್ತೆಂದೂ ತಪ್ಪಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಮರುದಿನದಿಂದ ಆ ಅಂಗಳದಲ್ಲಿ ನನಗೊಂದು ಮಣೆ ಖಾಯಂ ಆಯಿತು. ತಪ್ಪಾಡದೆ ಇದ್ದಿದ್ದರೆ ನಾನು ಬರೀ ಪಕ್ಕದ ಮನೆಗೆ ಬಂದ ವಿದೇಶಿ ಹೆಂಗಸಾಗಿಯೇ ಉಳಿಯುತ್ತಿದ್ದೆ.

ಈ ಞಕಾರದ ಮಾತು ಬಂದಿದ್ದರಿಂದ ಹೇಳುತ್ತೇನೆ. ಒಂದನೇ ತರಗತಿಯಲ್ಲಿ ಕ ಖ ಗ ಘ ಙ, ಚ ಛ ಜ ಝ ಞ ಎಂದು ರಾಗವಾಗಿ ಹಾಡಿ, ಆಮೇಲೆ ಜೀವಮಾನವಿಡೀ ಒಮ್ಮೆಯೂ ಬರೆಯದೆ ಬಿಟ್ಟ ಎರಡು ಅಕ್ಷರಗಳಿವೆಯಲ್ಲ, ಅವು ಇಲ್ಲಿ ಕೆಲಸಕ್ಕೆ ಬರುತ್ತವೆ. ಸ್ವಾಹಿಲಿಯಲ್ಲಿ ಹಸುವಿಗೆ ಙೊಂಬೆ, ಮನೆಗೆ ಞುಂಬಾ, ಟೊಮೆಟೊಗೆ ಞಾಞಾ. ಇಂಗ್ಲಿಷಿನ ಕಣ್ಣಿನಿಂದ ರೋಮನ್ ಲಿಪಿಯಲ್ಲಿ ಓದಿದರೆ ಈ ಪದಗಳು ಕೆಡುತ್ತವೆ. ಮೊದಲ ಒಂದೆರಡು ತಿಂಗಳು ಹೊಸ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಭಾಷಾ ಶಿಕ್ಷಕರು ಕೆಲವರು ಇದನ್ನು ಬೇಡವೆನ್ನುತ್ತಾರೆ. ನನ್ನ ಅನುಭವದಲ್ಲಿ ನಮ್ಮ ಲಿಪಿ ಸ್ವಾಹಿಲಿಗೆ ಚೆನ್ನಾಗಿ ಒಗ್ಗುತ್ತದೆ. ಸ್ವರಗಳು ಐದೇ, ಬರೆದ ಹಾಗೆ ಉಚ್ಚಾರ. ನಮ್ಮವರು ಎಡವುವುದು ಒತ್ತಿನಲ್ಲಿ. ನಾವು ಪದದ ಮೊದಲ ಅಕ್ಷರವನ್ನು ಒತ್ತಿ ಹೇಳುತ್ತೇವೆ, ಅವರು ಕಡೆಯಿಂದ ಎರಡನೆಯದನ್ನು ಒತ್ತಿ ತುಸು ಎಳೆಯುತ್ತಾರೆ. ವಿಡಿಯೊದಲ್ಲಿ ಗೊತ್ತಿರುವ ಪದವೂ ನಿಮಗೆ ಕೇಳಿಸದೆ ಹೋಗುವುದಕ್ಕೆ ಇದೊಂದು ಕಾರಣ.

ಇನ್ನು ವ್ಯಾಕರಣ. ನಿಮ್ಮ ಪುಸ್ತಕ ಇಂಗ್ಲಿಷ್ ಬಲ್ಲವರಿಗೆಂದು ಬರೆದದ್ದಾಗಿದ್ದರೆ ಅದು ನಿಮ್ಮನ್ನು ಸುಮ್ಮನೆ ಹೆದರಿಸುತ್ತಿರಬಹುದು. ಒಂದೇ ಪದದೊಳಗೆ ಯಾರು, ಯಾವಾಗ, ಏನು ಮಾಡಿದರು ಎಂಬುದನ್ನೆಲ್ಲ ಪೋಣಿಸುವುದು ಇಂಗ್ಲಿಷಿನವರಿಗೆ ವಿಚಿತ್ರ, ನಮಗೆ ನಿತ್ಯದ ಕೆಲಸ. "ಓದುತ್ತೇನೆ" ಎನ್ನುವಾಗ ಓದು ಮೊದಲು, ಕಾಲ ನಡುವೆ, ನಾನು ಎಂಬುದು ಕೊನೆಗೆ. ಸ್ವಾಹಿಲಿಯ "ನಿನಾಸೋಮಾ" ಇದರ ಕನ್ನಡಿಬಿಂಬ: ನಿ ಎಂದರೆ ನಾನು, ನಾ ಎಂಬುದು ವರ್ತಮಾನ, ಸೋಮಾ ಎಂದರೆ ಓದು. ನಾ ತೆಗೆದು ಲಿ ಹಾಕಿದರೆ ಓದಿದೆ, ತಾ ಹಾಕಿದರೆ ಓದುವೆ. ನಮ್ಮ ಬಾಲವನ್ನು ಅವರು ತಲೆಗೆ ಕಟ್ಟಿದ್ದಾರೆ, ಅಷ್ಟೇ. ಇನ್ನೂ ಸೊಗಸಾದದ್ದು ಮಾಡು-ಮಾಡಿಸು, ಓದು-ಓದಿಸು ಎಂಬ ಜೋಡಿ. ಇದು ಅವರಲ್ಲೂ ನಮ್ಮಂತೆ ಧಾತುವಿನ ಹಿಂದೆಯೇ ಸೇರುತ್ತದೆ: ಫಾಞಾ-ಫಾಞಿಶಾ, ಸೋಮಾ-ಸೋಮೇಶಾ. "ಕಷ್ಟಪಟ್ಟು ಮಕ್ಕಳನ್ನು ಓದಿಸುತ್ತಿದ್ದಾನೆ" ಎಂದರೆ ಪಕ್ಕದಲ್ಲಿ ಕೂತು ಪಾಠ ಹೇಳುತ್ತಾನೆಂದಲ್ಲ, ಶಾಲೆಯ ಖರ್ಚು ಹೊರುತ್ತಿದ್ದಾನೆ ಎಂದು ನಾವು ತಿಳಿಯುತ್ತೇವಲ್ಲ. "ಸೋಮೇಶಾ" ಎಂಬುದಕ್ಕೂ ಅದೇ ಅರ್ಥ ಬರುತ್ತದೆ. ನಾನು ಇದನ್ನು ಮೊದಲು ಕೇಳಿದ ದಿನ ತವರಿನ ನೆಂಟರನ್ನು ಕಂಡಷ್ಟು ಖುಷಿಯಾಗಿತ್ತು.

ನಾಮಪದಗಳ ವರ್ಗ ಮಾತ್ರ ನಿಜಕ್ಕೂ ಹೊಸದು. ಒಂದು ಬಟ್ಟಲು ಒಡೆದರೆ "ಕಿಕೋಂಬೆ ಕಿಮೋಜಾ ಕಿಮೆವುಂಜಿಕಾ". ಎರಡು ಒಡೆದರೆ "ವಿಕೋಂಬೆ ವಿವಿಲಿ ವಿಮೆವುಂಜಿಕಾ". ಬಟ್ಟಲಿನ ಕಿ, ಎಣಿಕೆಗೂ ಕ್ರಿಯಾಪದಕ್ಕೂ ಅಂಟಿಕೊಂಡು ಬಂತು, ನೋಡಿ. ಇದನ್ನು ಪಟ್ಟಿ ಮಾಡಿ ಕಲಿಯಲು ಹೋಗಬೇಡಿ. ಹೀಗೆ ಒಂದೊಂದು ವರ್ಗಕ್ಕೆ ಒಂದೊಂದು ವಾಕ್ಯ ಹಿಡಿದು, ಪ್ರಾಸದ ಪದ್ಯದಂತೆ ಪಾತ್ರೆ ತೊಳೆಯುವಾಗ ಹೇಳಿಕೊಳ್ಳಿ. ಬಾಯಿಪಾಠಕ್ಕೆ ನಾನು ವಿರೋಧಿಯಲ್ಲ. ಅದರ ಜಾಗ ಇಂಥಲ್ಲಿ ಇರಲಿ ಎನ್ನುತ್ತೇನೆ.

ಪದಗಳ ವಿಷಯದಲ್ಲಿ ನೀವು ಬರಿಗೈಯಲ್ಲಿ ಹೋಗುತ್ತಿಲ್ಲ. ಅರಬ್ಬೀ ಸಮುದ್ರದ ಈ ದಡಕ್ಕೂ ಆ ದಡಕ್ಕೂ ಹಾಯಿಹಡಗು ಓಡಾಡಿದ ಕಾಲದಿಂದ ಅರಬ್ಬಿ, ಪಾರಸಿ, ಹಿಂದಿ ಪದಗಳು ಎರಡೂ ಕಡೆ ಇಳಿದಿವೆ. ಸರ್ಕಾರ ಅವರಲ್ಲಿ ಸೆರಿಕಾಲಿ, ವಕೀಲ ವಕೀಲಿ, ಸಾಬೂನು ಸಬೂನಿ, ತಾರೀಖು ತಾರೆಹೆ, ಗಾಡಿ ಗಾರಿ, ವಿಮೆ ಬೀಮಾ, ಕಿತಾಬು ಕಿತಾಬೂ. ದುಕಾನು ದೂಕಾ ಆಗಿದೆ. ಚಹಾ ಚಾಯಿ, ಚಪಾತಿ ಚಪಾತಿಯೇ. ಆದರೆ ನೆಂಟಸ್ತಿಕೆಯ ಪದಗಳಲ್ಲಿ ಹುಷಾರು. ಮಾಮಾ ಎಂದರೆ ತಾಯಿ. ಕಾಕಾ ಎಂದರೆ ಅಣ್ಣ. ದಾದಾ ಎಂದರೆ ಅಕ್ಕ! ನಿಮಗಿಂತ ತುಸು ಹಿರಿಯಳಾದ ಅಡುಗೆಯವಳನ್ನು ದಾದಾ ಎಂದು ಕರೆಯುವಾಗ ಮೊದಲ ವಾರ ನಗು ಬರುತ್ತದೆ. ಪದ ಬೇರೆಯಾದರೂ ಲೆಕ್ಕ ನಮ್ಮದೇ: ಬಾಬಾ ಮ್‌ಕುಬ್ವಾ ಎಂದರೆ ದೊಡ್ಡಪ್ಪ, ಬಾಬಾ ಮ್‌ದೋಗೋ ಚಿಕ್ಕಪ್ಪ, ತಾಯಿಯ ಅಣ್ಣತಮ್ಮಂದಿರಿಗೆ ಪ್ರತ್ಯೇಕವಾಗಿ ಮ್‌ಜೋಂಬಾ. ದೊಡ್ಡಮ್ಮ ಚಿಕ್ಕಮ್ಮಂದಿರೂ ಹೀಗೆಯೇ. ಇಂಗ್ಲಿಷಿನವರಿಗೆ ಇದನ್ನು ವಂಶವೃಕ್ಷ ಬರೆದು ವಿವರಿಸಬೇಕು. ನಿಮಗೆ ಬೇಡ.

ಗಂಟೆಯನ್ನೂ ಈಗಲೇ ಕಲಿತುಕೊಳ್ಳಿ. ಅವರ ಗಂಟೆ ಬೆಳಗಿನ ಆರರಿಂದ ಶುರು. "ಸಾ ಮೋಜಾ", ಅಂದರೆ ಒಂದು ಗಂಟೆ ಎಂದರೆ ನಮ್ಮ ಏಳು. "ಸಾ ತಾತು" ಎಂದು ಕರೆದರೆ ಒಂಬತ್ತಕ್ಕೆ ಹೋಗಬೇಕು, ಮಧ್ಯಾಹ್ನ ಮೂರಕ್ಕಲ್ಲ. ಪಂಚಾಂಗದವರು ಸೂರ್ಯೋದಯದಿಂದ ಗಳಿಗೆ ಎಣಿಸುವುದನ್ನು ನೆನೆದರೆ ತಲೆಗೆ ಹತ್ತುತ್ತದೆ.

ಈಗ ಹಿಂದಿನವರ ಮಾತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರೆಂದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಅವರ ಹಿಂದೆ 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ "ಮಂಗಳೂರ ಸಮಾಚಾರ" ಹೊರಡಿಸಿದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ 1894ರಲ್ಲಿ ನಿಘಂಟು ಕೊಟ್ಟರು. ನಮ್ಮಲ್ಲಿ ಅಷ್ಟಾಗಿ ಗೊತ್ತಿಲ್ಲದ ಸಂಗತಿ ಏನೆಂದರೆ, ಅದೇ ಬಾಸೆಲ್ಲಿನಲ್ಲಿ ತರಬೇತಿ ಪಡೆದ ಯೊಹಾನ್ ಲುಡ್ವಿಗ್ ಕ್ರಾಫ್ ಎಂಬವರು 1844ರಲ್ಲಿ ಪೂರ್ವ ಆಫ್ರಿಕಾದ ಮೊಂಬಾಸಾಕ್ಕೆ ಹೋಗಿ, 1850ರಲ್ಲಿ ಸ್ವಾಹಿಲಿಯ ವ್ಯಾಕರಣ ಪ್ರಕಟಿಸಿದರು. ಅವರ ಸ್ವಾಹಿಲಿ ನಿಘಂಟು ಬಂದದ್ದು 1882ರಲ್ಲಿ, ಅವರು ತೀರಿಕೊಂಡ ಮರುವರ್ಷ. ಮೋಗ್ಲಿಂಗ್ ಮತ್ತು ಕ್ರಾಫ್ ಇಬ್ಬರೂ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು, ಇಬ್ಬರೂ ಕಣ್ಣುಮುಚ್ಚಿದ್ದು 1881ರಲ್ಲಿ. ಹೀಗಾಗಿ ನಿಮ್ಮ ಕನ್ನಡಕ್ಕೂ ನೀವು ಕಲಿಯಹೊರಟ ಭಾಷೆಗೂ ಒಂದೇ ಪಾಠಶಾಲೆಯ ನಂಟು ಇದೆ. ನಿಮ್ಮ ಕೊಂಕಣಿಗೂ 1878ರ ಕೊನೆಗೆ ಮಂಗಳೂರಿಗೆ ಬಂದಿಳಿದ ಇಟಲಿಯ ಜೆಸ್ವಿತ್ ಪಾದ್ರಿ ಆಂಜೆಲೊ ಮಫೈ ನಾಲ್ಕೇ ವರ್ಷದಲ್ಲಿ ವ್ಯಾಕರಣ ಬರೆದರು.

ಇವರೆಲ್ಲ ಬಂದದ್ದು ಧರ್ಮ ಬೋಧಿಸಲು, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಕಿಟ್ಟೆಲ್ ನಿಘಂಟನ್ನು ಯಾವ ಪುಟದಲ್ಲಾದರೂ ತೆರೆಯಿರಿ. ಅಲ್ಲಿ ಗಾದೆ ಇದೆ, ಹಳಗನ್ನಡದ ಸಾಲಿದೆ, ಹೊಲದ ಪದ, ಒಲೆಯ ಮುಂದಿನ ಪದ ಇದೆ. ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದ್ದರಲ್ಲಿ ದಾಸರ ಪದಗಳೂ ಇವೆ. ತಾವು ಹೇಳಬೇಕಾದದ್ದಕ್ಕೆ ಬೇಕಾದ ಪದಗಳನ್ನಷ್ಟೇ ಹೆಕ್ಕಿಕೊಂಡು ಕೂತಿದ್ದರೆ ಈ ಕೆಲಸ ಆಗುತ್ತಿರಲಿಲ್ಲ. ಎದುರಿನವರು ಏನು ಹೇಳುತ್ತಾರೆಂದು ಅವರು ವರ್ಷಗಟ್ಟಲೆ ಕೇಳಿಸಿಕೊಂಡರು. ಹಾಗೆಂದು ನೀವು ನಿಘಂಟು ಬರೆಯಬೇಕಿಲ್ಲ. ಜೇಬಿನಲ್ಲೊಂದು ಸಣ್ಣ ಪುಸ್ತಕ ಇಟ್ಟುಕೊಂಡು, ಕೇಳಿದ ಪದವನ್ನು ಯಾರ ಬಾಯಿಂದ, ಯಾವ ಸಂದರ್ಭದಲ್ಲಿ ಕೇಳಿದಿರೆಂದು ಬರೆದುಕೊಂಡರೆ ಸಾಕು.

ಅಮೆರಿಕದ ಪ್ರೊವೊದಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದವರ ದೊಡ್ಡ ಮಿಷನರಿ ತರಬೇತಿ ಕೇಂದ್ರವಿದೆ. ಹೊಸ ಭಾಷೆ ಕಲಿಯಬೇಕಾದ ಹುಡುಗ ಹುಡುಗಿಯರು ಅಲ್ಲಿ ಆರರಿಂದ ಒಂಬತ್ತು ವಾರ ಇದ್ದು ದೇಶಾಂತರ ಹೊರಡುತ್ತಾರೆ. ಅವರಿಂದ ಕಲಿಯಬೇಕಾದದ್ದು ಒಂದಿದೆ: ಬಂದ ಮೊದಲ ದಿನಗಳಿಂದಲೇ, ಬರಲಿ ಬಿಡಲಿ, ಹೊಸ ಭಾಷೆಯಲ್ಲೇ ಬಾಯಿ ಬಿಡುತ್ತಾರೆ. ಆದರೆ ಅಲ್ಲಿ ಸುತ್ತಲೂ ಅದೇ ಪಾಡಿನ ಜೊತೆಗಾರರಿರುತ್ತಾರೆ. ನಿಮ್ಮ ಸ್ಥಿತಿ ಬೇರೆ. ಅದಕ್ಕೇ ಇನ್ನುಳಿದ ತಿಂಗಳುಗಳಲ್ಲಿ ನಿಮ್ಮ ಒಂದು ಗಂಟೆಯನ್ನು ಹೀಗೆ ಬದಲಿಸಿ. ಅರ್ಧ ಗಂಟೆ ಕಿವಿಗೆ ಮೀಸಲು. ಉದ್ದದ ವಿಡಿಯೊ ಬಿಡಿ, ಎರಡು ನಿಮಿಷದ ಒಂದು ತುಣುಕು ಆರಿಸಿಕೊಂಡು ಅದನ್ನೇ ವಾರವಿಡೀ ಕೇಳಿ. ಬಿಬಿಸಿ ಸ್ವಾಹಿಲಿ, ವ್ಯಾಟಿಕನ್ ರೇಡಿಯೊದ ಸ್ವಾಹಿಲಿ ವಾರ್ತೆ ಎರಡೂ ಮೊಬೈಲಿನಲ್ಲಿ ಸಿಗುತ್ತವೆ. ಸೋಮವಾರ ಗದ್ದಲ ಎನಿಸಿದ್ದು ಶುಕ್ರವಾರದ ಹೊತ್ತಿಗೆ ಪದ ಪದವಾಗಿ ಬಿಡಿಸಿಕೊಳ್ಳುತ್ತದೆ. ಉಳಿದ ಅರ್ಧ ಗಂಟೆ ಮನುಷ್ಯರೊಬ್ಬರ ಜೊತೆ. ಬೆಂಗಳೂರಿನ ದೇವಶಾಸ್ತ್ರ ಕಾಲೇಜುಗಳಿಗೆ ಪೂರ್ವ ಆಫ್ರಿಕಾದಿಂದ ಸಿಸ್ಟರುಗಳೂ ಫಾದರುಗಳೂ ಓದಲು ಬರುತ್ತಾರೆ. ನಿಮ್ಮ ಮೇಲಧಿಕಾರಿಗಳ ಮೂಲಕ ಒಬ್ಬರನ್ನು ಹುಡುಕಿಸಿ ವಾರಕ್ಕೆ ಮೂರು ದಿನ ಫೋನಿನಲ್ಲಿ ಮಾತನಾಡಿ. ಅವರಿಗೆ ಬೇಕಿದ್ದರೆ ಪ್ರತಿಯಾಗಿ ಕನ್ನಡ ಕಲಿಸಿ. ಅವರೂ ನನ್ನ ಆ ಬ್ರದರಿನಂತೆಯೇ ಬಸ್ಸಿನಲ್ಲಿ ಕಕ್ಕಾಬಿಕ್ಕಿಯಾಗಿ ನಿಂತವರೇ.

ಇನ್ನೊಂದು ಮಾತನ್ನು ಸಂಕೋಚ ಬಿಟ್ಟು ಈಗಲೇ ಮೇಲಿನವರಿಗೆ ಕೇಳಿಕೊಳ್ಳಿ. ಹೋದ ಕೂಡಲೇ ದವಾಖಾನೆಯ ಲೆಕ್ಕವನ್ನೋ ಶಿಶುವಿಹಾರವನ್ನೋ ನಿಮಗೆ ಒಪ್ಪಿಸುವ ಬದಲು, ಮೊದಲ ಕೆಲವು ತಿಂಗಳು ಭಾಷಾ ಶಾಲೆಗೆ ಕಳುಹಿಸಿ ಎಂದು. ವಿಕ್ಟೋರಿಯಾ ಸರೋವರದ ದಡದಲ್ಲೇ, ಮುಸೋಮಾದ ಮಕೋಕೋ ಎಂಬಲ್ಲಿ, ಅಮೆರಿಕದ ಕ್ಯಾಥೊಲಿಕ್ ಸಂಸ್ಥೆಯಾದ ಮೇರಿನಾಲ್‌ನ ಮಿಷನರಿಗಳು 1960ರ ದಶಕದಲ್ಲಿ ಇಂಥದೇ ಉದ್ದೇಶಕ್ಕೆ ಭಾಷಾ ಶಾಲೆ ತೆರೆದರು. ಮೊದಲು ಕೆಲಸ, ಬಿಡುವಾದಾಗ ಭಾಷೆ ಎಂದವರನ್ನು ನಾನು ನೋಡಿದ್ದೇನೆ. ಹತ್ತು ವರ್ಷ ಕಳೆದರೂ ಅವರಿಗೆ ಬಿಡುವು ಆಗಿರುವುದಿಲ್ಲ.

ಊಟದ ಮೇಜಿನ ಬಗ್ಗೆಯೂ ಎಚ್ಚರ. ಕಾನ್ವೆಂಟಿನಲ್ಲಿ ನಿಮಗಿಂತ ಮೊದಲು ಹೋದ ನಮ್ಮ ಕಡೆಯ ಸಿಸ್ಟರುಗಳಿದ್ದರೆ, ಹಗಲೆಲ್ಲ ಪರದೇಶದಲ್ಲಿ ದಣಿದು ಬಂದವರಿಗೆ ರಾತ್ರಿ ಕೊಂಕಣಿಯಲ್ಲಿ ನಾಲ್ಕು ಮಾತು ಆಡುವಷ್ಟು ಸುಖ ಬೇರೆ ಇಲ್ಲ. ಬೇಡ ಎನ್ನಲು ನನಗೆ ಮನಸ್ಸು ಬಾರದು. ಆದರೆ ಮಧ್ಯಾಹ್ನದ ಊಟವನ್ನಾದರೂ ಅಡುಗೆಮನೆಯಲ್ಲಿ, ಅಲ್ಲಿಯ ಹೆಂಗಸರ ಜೊತೆ ಕೂತು ಮಾಡಿ.

ಹೋದ ಮೇಲೆ ಮೊದಲ ತಿಂಗಳಿಗೆ ನಾಲ್ಕು ಮಾತು ಸಾಕು. ಹಿರಿಯರು ಎದುರಾದರೆ "ಶಿಕಾಮೋ" ಎನ್ನಿ. ಕಾಲು ಹಿಡಿಯುತ್ತೇನೆ ಎಂಬ ಮಾತಿನಿಂದ ಅದು ಬಂದಿದೆಯೆಂದು ಹೇಳುತ್ತಾರೆ, ನಮ್ಮ ಹಳೆಯ "ಅಡ್ಡಬಿದ್ದೆ" ಇದ್ದ ಹಾಗೆ. ಅವರು "ಮರಹಬಾ" ಎನ್ನುತ್ತಾರೆ. ಯಾರದೇ ಮನೆಯ ಮುಂದೆ ನಿಂತು "ಹೋದಿ" ಎಂದು ಕೂಗಿ, ಒಳಗಿನಿಂದ "ಕರೀಬು" ಎಂಬ ಉತ್ತರ ಬರುವ ತನಕ ಹೊಸಿಲು ದಾಟಬೇಡಿ. ನೀರು ಹೊತ್ತು ಬರುವವಳಿಗೆ, ದೂರದಿಂದ ಬಂದವರಿಗೆ, ಕಾಯಿಲೆಯವರಿಗೆ, ಎಲ್ಲರಿಗೂ "ಪೋಲೆ". ಇದಕ್ಕೆ ಕನ್ನಡದಲ್ಲಿ ಒಂದೇ ಪದ ಇಲ್ಲ. "ಪಾಪ", "ಆಯಾಸವಾಯಿತೇ", "ಹೀಗಾಗಬಾರದಿತ್ತು" ಮೂರೂ ಅದರಲ್ಲಿವೆ. ಉತ್ತರವಾಗಿ ಕೆಲವರು "ನಿಮೆಶಾಪೋವಾ" ಎನ್ನುತ್ತಾರೆ, ಆಗಲೇ ತಣ್ಣಗಾದೆ ಎಂದು. ನಾಲ್ಕನೆಯದು ಹಳ್ಳಿಗೆ ಹೋದಾಗ ಬೇಕಾದದ್ದು. ಮ್ವಾಂಜಾ ಸುತ್ತಿನ ಜನರ ಮನೆಮಾತು ಸುಕುಮಾ, ಸ್ವಾಹಿಲಿ ಅವರೂ ಶಾಲೆಯಲ್ಲಿ, ಪೇಟೆಯಲ್ಲಿ ಕಲಿತದ್ದು, ನಿಮಗೆ ಕನ್ನಡ ಇದ್ದ ಹಾಗೆ. ಬೆಳಗ್ಗೆ ಅಜ್ಜಿಯೊಬ್ಬಳಿಗೆ "ಮ್ವಾಂಗಲುಕಾ" ಎಂದು ನೋಡಿ. ಮಂಗಳೂರಿಗೆ ಬಂದ ವಿದೇಶದವರು ಕೊಂಕಣಿಯಲ್ಲಿ ಮಾತನಾಡಿಸಿದರೆ ನಿಮ್ಮ ಅಮ್ಮನ ಮುಖ ಹೇಗಾಗುತ್ತದೋ ಹಾಗಾಗುತ್ತದೆ.

ಈಸ್ಟರ್ ಹೊತ್ತಿಗೆ ಜನರ ಮುಂದೆ ಮಾತನಾಡಬಲ್ಲೆನೇ ಎಂದು ಕೇಳಿದ್ದೀರಿ. ಜನವರಿಯಲ್ಲಿ ಹೋಗಿ ಮೂರೇ ತಿಂಗಳಿಗೆ ಸ್ವಂತ ಮಾತಿನಲ್ಲಿ ಬೋಧನೆ ಮಾಡಲು ಹೋಗಬೇಡಿ. ಕೇಳುವವರು ಮರ್ಯಾದೆಗೆ ತಲೆಯಾಡಿಸುತ್ತಾರೆ, ನಿಮಗೆ ತಪ್ಪು ಗೊತ್ತಾಗುವುದಿಲ್ಲ. ಬಲಿಪೂಜೆಯಲ್ಲಿ ಬೈಬಲಿನ ಮೊದಲನೆಯ ವಾಚನವನ್ನು ಓದಲು ಒಪ್ಪಿಕೊಳ್ಳಿ. ಹಿಂದಿನ ಸಂಜೆ ಅದನ್ನು ಅಡುಗೆಮನೆಯ ದಾದಾಳಿಗೆ, ಅವಳು ಈರುಳ್ಳಿ ಹೆಚ್ಚುತ್ತಿರುವಾಗ, ಗಟ್ಟಿಯಾಗಿ ಓದಿ ತೋರಿಸಿ. ಅವಳ ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿ ನೀವೂ ನಿಲ್ಲಿಸಿ, ಯಾವ ಪದಕ್ಕೆ ನಕ್ಕಳೆಂದು ಕೇಳಿ, ಅವಳು ತುಟಿ ಆಡಿಸಿದಂತೆ ಹತ್ತು ಸಲ ಹೇಳಿ, ಆಮೇಲೆ ಮುಂದಿನ ಸಾಲಿಗೆ ಹೋಗಿ.